ಕರುಳಿನ ಆಪರೇಷನ್ ಆದಮೇಲೆ ಪದೇ ಪದೇ ಟಾಯ್ಲೆಟ್: ಚರ್ಮದ ಉರಿಗೆ ಏನು ಮಾಡೋದು?

ಭಾನುವಾರ ನಮಗೆಲ್ಲ ವಾರಕ್ಕೆ ಸಿಗುವ ಒಂದೇ ರಜೆ. ಬಟ್ಟೆ ಒಗೆಯೋದು, ಊರಿಗೆ ಫೋನ್ ಮಾಡೋದು, ಸ್ವಲ್ಪ ಜಾಸ್ತಿ ನಿದ್ದೆ ಮಾಡೋದು ಎಲ್ಲ ಬಿಟ್ಟು ಬಂದಿದ್ದೀರಿ. ಹಾಗಾಗಿ ಸುತ್ತಿ ಬಳಸದೆ ವಿಷಯಕ್ಕೆ ಬರ್ತೇನೆ. ಇವತ್ತಿನ ಮಾತು ಟಾಯ್ಲೆಟ್ ಬಗ್ಗೆ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಕೇಳಿ.

ಕರುಳಿನ ಆಪರೇಷನ್ ಆದವರಿಗೆ ದಿನಕ್ಕೆ ಎಂಟು, ಹತ್ತು, ಕೆಲವರಿಗೆ ಹದಿನೈದು ಸಲ ಮೋಶನ್ ಆಗುತ್ತೆ. ಅದರಿಂದ ಹಿಂಭಾಗದ ಚರ್ಮ ಕೆಂಪಾಗಿ, ಸುಲಿದು, ಬೆಂಕಿ ಇಟ್ಟ ಹಾಗೆ ಉರಿಯುತ್ತೆ. ಹೊಟ್ಟೆಯ ಗಾಯ ಒಣಗಿದ್ದನ್ನ ಎಲ್ಲರಿಗೂ ತೋರಿಸ್ತೇವೆ, ಈ ಉರಿಯನ್ನ ಮಾತ್ರ ಯಾರಿಗೂ ಹೇಳಲ್ಲ. ಒಂದು ರೂಮಿನಲ್ಲಿ ಆರು ಜನ ಮಲಗ್ತೇವೆ, ಆದರೂ ಪಕ್ಕದ ಬೆಡ್ಡಿನವನಿಗೆ ಗೊತ್ತಿರಲ್ಲ.

ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದವನು, ದುಬೈನಲ್ಲಿ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟ್ಸ್ ಬರೀತೇನೆ. ಮೂರು ವರ್ಷದ ಹಿಂದೆ ನನ್ನ ದೊಡ್ಡ ಕರುಳಿನ ಕೊನೆಯ ಭಾಗ ತೆಗೆದರು. ಮೂರು ತಿಂಗಳು ಹೊಟ್ಟೆಯ ಮೇಲೆ ಚೀಲ ಇತ್ತು. ಆಮೇಲೆ ಚೀಲ ತೆಗೆದು ಕರುಳನ್ನ ಮತ್ತೆ ಒಳಗೆ ಜೋಡಿಸಿದರು. ಜೋಡಿಸಿದ ಮೊದಲ ವಾರ ದಿನಕ್ಕೆ 14 ಸಲ ಹೋಗ್ತಿದ್ದೆ. ಲೆಕ್ಕದವನು ನೋಡಿ, ಎಣಿಸದೆ ಇರೋಕೆ ಆಗಲ್ಲ. ಮೂರು ತಿಂಗಳಿಗೆ ಅದು 8ಕ್ಕೆ ಬಂತು, ಒಂದು ವರ್ಷಕ್ಕೆ 4ಕ್ಕೆ ನಿಂತಿತು. ಈ ನಡುವೆ ವಾರ್ಡಿನ ನರ್ಸ್ ಕಲಿಸಿದ್ದು, ಡಾಕ್ಟರ್ ಹೇಳಿದ್ದು, ನಾನು ದಿನಾ ಮಾಡಿದ್ದು, ಅಷ್ಟನ್ನೇ ನಿಮಗೆ ಹೇಳ್ತೇನೆ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಕೇಳಿ.

ಮೊದಲು ಯಾಕೆ ಉರಿಯುತ್ತೆ ಅಂತ ತಿಳ್ಕೊಳ್ಳಿ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಹೀರಿಕೊಳ್ಳೋದು. ಅದರಲ್ಲಿ ಒಂದು ತುಂಡು ಹೋದರೆ ಮಲ ಗಟ್ಟಿಯಾಗೋಕೆ ಸಮಯ ಸಿಗಲ್ಲ, ತೆಳ್ಳಗೇ ಬರುತ್ತೆ. ಅದರ ಜೊತೆ ಪಿತ್ತರಸವೂ, ಊಟವನ್ನ ಕರಗಿಸುವ ರಸಗಳೂ ಪೂರ್ತಿ ಸತ್ವ ಕಳೆದುಕೊಳ್ಳದೆ ಹೊರಗೆ ಬರ್ತವೆ. ಮಾಂಸವನ್ನ ಜೀರ್ಣ ಮಾಡುವ ರಸ ಚರ್ಮಕ್ಕೆ ತಾಗಿದರೆ ಸುಮ್ಮನೆ ಬಿಡುತ್ತಾ? ಇನ್ನು ನನ್ನ ಹಾಗೆ ಗುದನಾಳದ ಹತ್ತಿರ ಆಪರೇಷನ್ ಆದವರಿಗೆ ಮಲ ತಡೆದು ಇಟ್ಟುಕೊಳ್ಳುವ ಜಾಗವೇ ಸಣ್ಣದಾಗಿರುತ್ತೆ. ಒಂದು ಸಲಕ್ಕೆ ಆಗಬೇಕಾದ್ದು ನಾಲ್ಕು ಸಲ ಸ್ವಲ್ಪ ಸ್ವಲ್ಪ ಆಗುತ್ತೆ. ಪ್ರತಿ ಸಲ ಒರೆಸೋದು, ತೊಳೆಯೋದು, ಮತ್ತೆ ಒದ್ದೆ. ಇದರ ಮೇಲೆ ಇಲ್ಲಿಯ ಬೆವರು. ಆದ್ದರಿಂದ ಇದು ನಿಮ್ಮ ಕೊಳಕಿನಿಂದ ಬಂದದ್ದಲ್ಲ, ಆಪರೇಷನ್ ಕೆಟ್ಟುಹೋಯಿತು ಅಂತಲೂ ಅಲ್ಲ. ಬಹಳ ಜನರಿಗೆ ತಿಂಗಳು ಕಳೆದ ಹಾಗೆ ಕರುಳು ಹೊಂದಿಕೊಳ್ಳುತ್ತೆ. ಪೂರ್ತಿ ಹೊಂದೋಕೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷವೂ ಹಿಡಿಯುತ್ತೆ. ಅಲ್ಲಿಯವರೆಗೆ ಚರ್ಮವನ್ನ ಕಾಪಾಡಿಕೊಳ್ಳೋದು ನಮ್ಮ ಕೈಯಲ್ಲಿದೆ.

ಉಪಾಯ ಹೇಳೋಕೆ ಮುಂಚೆ ಒಂದು ಮಾತು, ನನ್ನ ಪ್ರಕಾರ ಇವತ್ತಿನ ದೊಡ್ಡ ಮಾತೇ ಇದು. ಉರಿಗೆ ಹೆದರಿ ಊಟ ಬಿಡ್ತಾರೆ, ನೀರು ಬಿಡ್ತಾರೆ. "ತಿಂದ್ರೆ ತಾನೆ ಹೋಗೋದು?" ಅಂತ ಲೆಕ್ಕ. ಬೆಳಿಗ್ಗೆ ಬಸ್ ಹತ್ತೋಕೆ ಮುಂಚೆ ಬರೀ ಒಂದು ಸುಲೈಮಾನಿ ಕುಡಿದು, ಸಂಜೆ ಕ್ಯಾಂಪಿಗೆ ವಾಪಸ್ ಬರುವವರೆಗೂ ಬಾಯಿಗೆ ಏನೂ ಹಾಕದ ಅಣ್ಣಂದಿರನ್ನ ನಾನು ಕಂಡಿದ್ದೇನೆ. ಈ ಲೆಕ್ಕ ತಾಳೆ ಆಗಲ್ಲ. ಖಾಲಿ ಹೊಟ್ಟೆಯಲ್ಲೂ ಪಿತ್ತರಸ ಇಳಿಯುತ್ತಲೇ ಇರುತ್ತೆ, ಆಗ ಬರುವ ನೀರುಮಲ ಇನ್ನೂ ಹೆಚ್ಚು ಉರಿಸುತ್ತೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮೊದಲೇ ಕರುಳು ನೀರು ಹೀರಿಕೊಳ್ತಾ ಇಲ್ಲ, ಹೊರಗೆ 45 ಡಿಗ್ರಿ ಬಿಸಿಲು, ಅದರಲ್ಲಿ ನೀರನ್ನೂ ಬಿಟ್ಟರೆ ಕಿಡ್ನಿಗೆ ಪೆಟ್ಟು ಬೀಳುತ್ತೆ, ಸೈಟಿನಲ್ಲೇ ತಲೆ ತಿರುಗಿ ಬೀಳ್ತೀರಿ. ಚರ್ಮದ ಉರಿಗೆ ಕ್ರೀಮ್ ಇದೆ, ಹಾಳಾದ ಕಿಡ್ನಿಗೆ ಯಾವ ಕ್ರೀಮೂ ಇಲ್ಲ. ಮೂತ್ರದ ಬಣ್ಣ ನೋಡ್ತಾ ಇರಿ. ಗಾಢ ಹಳದಿಯಾದರೆ ನೀರು ಸಾಲ್ತಾ ಇಲ್ಲ ಅಂತ ಅರ್ಥ. ಭೇದಿ ಹೆಚ್ಚಾದ ದಿನ ಬರೀ ನೀರು ಸಾಲದು, ಓಆರ್‌ಎಸ್ ಕುಡಿಯಿರಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ. ಊರಿನದು ಒಂದು ಲೀಟರಿಗೆ ಇರಬಹುದು, ಇಲ್ಲಿಯದು ಒಂದು ಲೋಟಕ್ಕೆ ಇರಬಹುದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆ ತಟ್ಟಿದ ಚಮಚ, ಗೋಪುರ ಮಾಡಿದ ಚಮಚ ಅಲ್ಲ.

ಈಗ ಚರ್ಮದ ವಿಷಯ. ಮೂರೇ ಕೆಲಸ: ತೊಳೆಯೋದು, ಒಣಗಿಸೋದು, ಮುಂದಿನ ಸಲ ಆಗೋ ಮುಂಚೆ ಚರ್ಮಕ್ಕೆ ಒಂದು ತೆರೆ ಕಟ್ಟೋದು.

ತೊಳೆಯೋಕೆ ನೀರೇ ಒಳ್ಳೆಯದು. ಈ ವಿಷಯದಲ್ಲಿ ನಾವು ಅದೃಷ್ಟವಂತರು, ಗಲ್ಫಿನಲ್ಲಿ ಹೆಚ್ಚುಕಡಿಮೆ ಎಲ್ಲ ಟಾಯ್ಲೆಟ್ಟಿನಲ್ಲೂ ಕೈ ಷವರ್ ಇರುತ್ತೆ, ಶತ್ತಾಫ್ ಅಂತಾರಲ್ಲ, ಅದು. ಆದರೆ ಅದನ್ನ ಪೂರ್ತಿ ಒತ್ತಿ ಜೋರಾಗಿ ಬಿಡಬೇಡಿ, ಸುಲಿದ ಚರ್ಮಕ್ಕೆ ಆ ಏಟು ಸೂಜಿ ಚುಚ್ಚಿದ ಹಾಗೆ ಆಗುತ್ತೆ. ಅರ್ಧ ಮಾತ್ರ ಒತ್ತಿ, ಇಲ್ಲಾ ಮಗ್ಗಿನಲ್ಲಿ ನಿಧಾನಕ್ಕೆ ಸುರಿಯಿರಿ. ಬೇಸಿಗೆಯಲ್ಲಿ ಇನ್ನೊಂದು ತೊಂದರೆ ನಿಮಗೆಲ್ಲ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಟ್ಯಾಂಕಿನ ನೀರು ಕುದಿಯುತ್ತಾ ಬರುತ್ತೆ, ಮುಖ ತೊಳೆಯೋಕೂ ಆಗಲ್ಲ. ಆ ನೀರು ಉರಿಯುವ ಚರ್ಮಕ್ಕೆ ಬಿದ್ದರೆ ಕೇಳೋದೇ ಬೇಡ. ರಾತ್ರಿಯೇ ಎರಡು ದೊಡ್ಡ ಬಾಟಲಿ ತುಂಬಿಸಿ ಎಸಿ ಇರುವ ರೂಮಿನಲ್ಲಿ ಮಂಚದ ಕೆಳಗೆ ಇಡಿ. ಟಾಯ್ಲೆಟ್ಟಿಗೆ ಹೋಗುವಾಗ ಅದನ್ನೇ ತಗೊಂಡು ಹೋಗಿ. ಹದವಾದ ನೀರು ಸಾಕು, ಐಸ್ ನೀರು ಬೇಡ.

ಪ್ರತಿ ಸಲ ಸೋಪು ಹಾಕೋದು ಬೇಡ. ಕೈಗೆ ಸೋಪು ಖಂಡಿತ ಹಾಕಿ, ಚರ್ಮಕ್ಕೆ ಬೇಡ. ಹತ್ತು ಸಲ ಸೋಪು ಹಾಕಿದರೆ ಚರ್ಮದ ಸ್ವಂತ ಎಣ್ಣೆ ಪೂರ್ತಿ ಹೋಗುತ್ತೆ. ದಿನಕ್ಕೊಂದು ಸಲ ಸ್ನಾನದಲ್ಲಿ ವಾಸನೆ ಇಲ್ಲದ ಮೃದು ಸೋಪು ಸಾಕು. ನಮ್ಮವರಲ್ಲಿ ಒಂದು ಅಭ್ಯಾಸ ಇದೆ, ಏನೇ ಗಾಯ ಆದರೂ ಡೆಟಾಲ್. ಈ ಜಾಗಕ್ಕೆ ಡೆಟಾಲ್ ಬೇಡ, ಸ್ಪಿರಿಟ್ ಬೇಡ, ನಿಂಬೆಹಣ್ಣು ಬೇಡ, ಅರಿಶಿನ ಬೇಡ. ಪರಿಮಳದ ವೆಟ್ ಟಿಶ್ಯೂ ಕೂಡ ಬೇಡ. ತಂಪಾಗಿರುತ್ತೆ ಅಂತ ಅನಿಸುತ್ತೆ, ಅದರಲ್ಲಿರುವ ಆಲ್ಕೋಹಾಲ್, ಸೆಂಟು ಚರ್ಮವನ್ನ ಇನ್ನೂ ಕೆಡಿಸುತ್ತೆ. ಟಾಲ್ಕಂ ಪೌಡರ್ ಒದ್ದೆಯಾದರೆ ಗಂಟಾಗಿ ಉಜ್ಜುತ್ತೆ, ಅದೂ ಬೇಡ. ಹೆಣ್ಣುಮಕ್ಕಳು ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಇಲ್ಲದಿದ್ದರೆ ಉರಿಯ ಜೊತೆಗೆ ಮೂತ್ರದ ಸೋಂಕೂ ಬರುತ್ತೆ.

ತೊಳೆದಮೇಲೆ ಒಣಗಬೇಕು. ಉಜ್ಜಿ ಒರೆಸಬೇಡಿ, ಮೆತ್ತನೆಯ ಬಟ್ಟೆಯನ್ನ ಒತ್ತಿ ಒತ್ತಿ ತೆಗೆಯಿರಿ, ಮಗುವಿನ ಮೈ ಒರೆಸುವ ಹಾಗೆ. ಇದಕ್ಕೆ ಹಳೇ ಪಂಚೆಗಿಂತ ಒಳ್ಳೇ ಬಟ್ಟೆ ನಾನು ಕಂಡಿಲ್ಲ. ಅಂಗೈಯಗಲ ಹದಿನೈದು ಇಪ್ಪತ್ತು ತುಂಡು ಮಾಡಿ ಇಟ್ಟುಕೊಳ್ಳಿ. ಒಗೆಯುವಾಗ ಸೋಪಿನ ಪುಡಿ ಪೂರ್ತಿ ಹೋಗುವ ಹಾಗೆ ಜಾಲಿಸಿ ಬಿಸಿಲಿಗೆ ಹಾಕಿ, ಬಿಸಿಲಿಗೇನು ಇಲ್ಲಿ ಬರವೇ? ಇವನ್ನ ಕಮೋಡಿನಲ್ಲಿ ಹಾಕಿ ನೀರು ಬಿಡಬೇಡಿ, ಇಡೀ ಫ್ಲೋರಿನ ಲೈನ್ ಬ್ಲಾಕ್ ಆಗಿ ಕ್ಯಾಂಪ್ ಬಾಸ್ ಕೈಯಲ್ಲಿ ಬೈಸಿಕೊಳ್ತೀರಿ. ಬಟ್ಟೆ ತಾಗಿದರೂ ನೋವು ಅನ್ನುವಷ್ಟು ಸುಲಿದಿದ್ದರೆ ಹೇರ್ ಡ್ರೈಯರ್ ತಂಪು ಗಾಳಿಗೆ ಇಟ್ಟು ದೂರದಿಂದ ಹಿಡಿಯಿರಿ. ಅದೂ ಇಲ್ಲ ಅಂದರೆ ರೂಮಿಗೆ ಬಂದು ಲುಂಗಿ ಸಡಿಲ ಮಾಡಿ ಐದು ನಿಮಿಷ ಮಗ್ಗುಲಾಗಿ ಮಲಗಿ, ಗಾಳಿಗೇ ಒಣಗುತ್ತೆ.

ಮೂರನೆಯದು ತೆರೆ ಕಟ್ಟೋದು. ಬಹಳ ಜನ ಇದನ್ನ ಉರಿ ಬಂದಮೇಲೆ ಹಚ್ಚುವ ಮುಲಾಮು ಅಂದುಕೊಳ್ತಾರೆ. ಇದು ಮಳೆ ಬರೋ ಮುಂಚೆ ಬಿಡಿಸುವ ಕೊಡೆ. ಆಪರೇಷನ್ ಆಗಿ ಮೋಶನ್ ಶುರುವಾದ ದಿನದಿಂದಲೇ, ಚರ್ಮ ಚೆನ್ನಾಗಿರುವಾಗಲೇ ಹಚ್ಚಿದರೆ ಅರ್ಧ ತೊಂದರೆ ಬರೋದೇ ಇಲ್ಲ. ಫಾರ್ಮಸಿಗೆ ಹೋಗಿ, ಮಕ್ಕಳಿಗೆ ಡಯಾಪರಿನಿಂದ ಕೆಂಪಾದಾಗ ಹಚ್ಚುವ ಕ್ರೀಮ್ ಬೇಕು, ಝಿಂಕ್ ಆಕ್ಸೈಡ್ ಇರುವಂಥದ್ದು ಅಂತ ಕೇಳಿ. ಇಲ್ಲಿ ಕೌಂಟರಿನಲ್ಲಿ ಹೆಚ್ಚಾಗಿ ಮಲಯಾಳಿಗಳೇ ಇರ್ತಾರೆ, ಹಿಂದಿಯಲ್ಲಿ ಹೇಳಿದರೂ ಅರ್ಥ ಆಗುತ್ತೆ. ಮಗು ಎಷ್ಟು ದೊಡ್ಡದು ಅಂತ ಕೇಳಿದರೆ ನನಗೇ ಬೇಕು ಅನ್ನಿ, ಅದರಲ್ಲಿ ನಾಚಿಕೆ ಏನು? ಅದಕ್ಕೂ ದುಡ್ಡಿಲ್ಲದಿದ್ದರೆ ಪರಿಮಳ ಇಲ್ಲದ ಸಾದಾ ವ್ಯಾಸಲೀನ್ ಆದೀತು. ತೆಂಗಿನೆಣ್ಣೆ ಹಚ್ಚಬಹುದಾ ಅಂತ ನಮ್ಮ ಕರಾವಳಿಯವರು ಕೇಳೇ ಕೇಳ್ತಾರೆ. ಹಚ್ಚಿದರೆ ಕೆಡುಕಿಲ್ಲ, ಆದರೆ ಅದು ನಿಲ್ಲಲ್ಲ, ಒಂದು ಮೋಶನಿಗೆ ತೊಳೆದುಹೋಗುತ್ತೆ.

ಹಚ್ಚುವ ರೀತಿಯಲ್ಲೂ ಒಂದು ಸೂಕ್ಷ್ಮ ಇದೆ. ಚರ್ಮ ಪೂರ್ತಿ ಒಣಗಿದಮೇಲೆ ಹಚ್ಚಿ, ಒದ್ದೆಯ ಮೇಲೆ ಕ್ರೀಮ್ ಕೂರಲ್ಲ. ಮುಂದಿನ ಸಲ ತೊಳೆಯುವಾಗ ಬಿಳಿ ಕ್ರೀಮ್ ಅಂಟಿಕೊಂಡೇ ಇದ್ದರೆ ಅದನ್ನ ತಿಕ್ಕಿ ತೆಗೆಯೋಕೆ ಹೋಗಬೇಡಿ. ಮೇಲಿನ ಗಲೀಜಾದ ಪದರ ಮಾತ್ರ ಹೋಗಲಿ, ಕೆಳಗಿನದು ಇರಲಿ, ಅದರ ಮೇಲೇ ಮತ್ತೆ ಹಚ್ಚಿ. ದಿನಕ್ಕೊಂದು ಸಲ ಪೂರ್ತಿ ತೆಗೆಯಬೇಕು ಅನಿಸಿದರೆ ಹತ್ತಿಗೆ ಸ್ವಲ್ಪ ತೆಂಗಿನೆಣ್ಣೆ ಮುಟ್ಟಿಸಿ ಮೆಲ್ಲಗೆ ಒರೆಸಿ. ಚರ್ಮ ಸುಲಿದು ನೀರು ಒಸರ್ತಾ ಇದ್ದರೆ ಯಾವ ಕ್ರೀಮೂ ನಿಲ್ಲಲ್ಲ. ಆಗ ಆಸ್ಪತ್ರೆಗೆ ಹೋಗಿ, ಚೀಲ ಇದ್ದವರನ್ನ ನೋಡಿಕೊಳ್ಳುವ ನರ್ಸ್ ಇದ್ದರೆ ಅವರನ್ನ ಕೇಳಿ. ಅದಕ್ಕೆ ಅಂತಲೇ ಪುಡಿ, ಸ್ಪ್ರೇ ಇರ್ತವೆ.

ಸಂಜೆ ಕ್ಯಾಂಪಿಗೆ ಬಂದಮೇಲೆ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕೂತರೆ ಬಹಳ ಹಾಯೆನಿಸುತ್ತೆ. ನೀರಿಗೆ ಏನೂ ಬೆರೆಸೋದು ಬೇಡ. ಟಬ್ ನಿಮ್ಮದೇ ಇರಲಿ, ಹೆಸರು ಬರೆದಿಡಿ. ಹೊಟ್ಟೆಯ ಹೊಲಿಗೆ ಒಣಗದವರು ಡಾಕ್ಟರನ್ನ ಕೇಳಿ ಕೂರಿ. ಒಳಬಟ್ಟೆ ಹತ್ತಿಯದು, ಸಡಿಲದ್ದು. ಕವರಾಲ್ ಹಾಕಿ ಕೆಲಸ ಮಾಡುವವರು ಮಧ್ಯಾಹ್ನ ಒಳಬಟ್ಟೆ ಒಂದು ಸಲ ಬದಲಾಯಿಸಿದರೆ ಬೆವರಿನ ಕಾಟ ಕಡಿಮೆಯಾಗುತ್ತೆ.

ಸೈಟಿಗೆ ಹೋಗುವಾಗ ಒಂದು ಸಣ್ಣ ಜಿಪ್ ಚೀಲ ಜೊತೆಗಿರಲಿ. ಅದರಲ್ಲಿ ನೀರಿನ ಬಾಟಲಿ, ಬಟ್ಟೆಯ ತುಂಡುಗಳು, ಚಿಕ್ಕ ಡಬ್ಬಿಯಲ್ಲಿ ಕ್ರೀಮ್, ಒಂದು ಒಳಬಟ್ಟೆ, ಕೊಳೆಯಾದ್ದನ್ನ ಹಾಕೋಕೆ ಒಂದು ಪ್ಲಾಸ್ಟಿಕ್ ಕವರ್. ಇಷ್ಟು ಇದ್ದರೆ ಸೈಟಿನ ಟಾಯ್ಲೆಟ್ ಹೇಗೇ ಇರಲಿ, ಧೈರ್ಯ ಇರುತ್ತೆ.

ಊಟದ ವಿಷಯ ರೂಮಿನ ಮೆಸ್ಸಿನಲ್ಲಿ ಸುಲಭ ಅಲ್ಲ, ಗೊತ್ತು. ಅಡುಗೆ ಒಬ್ಬರದು, ಉಣ್ಣೋರು ಹತ್ತು ಜನ. ಖಾರ ಹೊಟ್ಟೆಯೊಳಗೆ ಪೂರ್ತಿ ಕರಗಲ್ಲ, ಹೋಗುವಾಗಲೂ ಖಾರವಾಗೇ ಹೋಗುತ್ತೆ. ಆದರೆ ಬೇರೆ ಅಡುಗೆ ಮಾಡಿಕೊಡಿ ಅಂತ ಕೇಳೋದು ಬೇಡ. ಬೇಳೆ ಬೆಂದಮೇಲೆ, ಖಾರದ ಪುಡಿ ಹಾಕೋ ಮುಂಚೆ, ನನಗೆ ಒಂದು ಬಟ್ಟಲು ಎತ್ತಿಡಪ್ಪಾ ಅಂತ ಹೇಳಿ. ಅಷ್ಟನ್ನ ಯಾರೂ ಇಲ್ಲ ಅನ್ನಲ್ಲ. ಅನ್ನ, ಗಂಜಿ, ಬೇಯಿಸಿದ ಆಲೂಗಡ್ಡೆ, ಮಾಗಿದ ಬಾಳೆಹಣ್ಣು, ಮೊಸರನ್ನ, ಇವು ಮಲವನ್ನ ಸ್ವಲ್ಪ ಗಟ್ಟಿ ಮಾಡುತ್ತವೆ. ಉತ್ತರ ಕರ್ನಾಟಕದ ಅಣ್ಣಂದಿರಿಗೆ ರೊಟ್ಟಿ ಬಿಡೋದು ಕಷ್ಟ, ಅದರ ಜೊತೆಯ ಹಸಿಮೆಣಸಿನ ಚಟ್ನಿ ಬಿಡೋದು ಇನ್ನೂ ಕಷ್ಟ. ಕೆಲವು ತಿಂಗಳು ರೊಟ್ಟಿಗಿಂತ ಅನ್ನ ಹೆಚ್ಚಿರಲಿ, ಚಟ್ನಿ ರಜೆ ಮೇಲೆ ಹೋಗಲಿ. ಕರಿದ ತಿಂಡಿ, ಸ್ಟ್ರಾಂಗ್ ಕಾಫಿ, ಬಾಟಲಿಯ ಗ್ಯಾಸ್ ಡ್ರಿಂಕ್, ಎನರ್ಜಿ ಡ್ರಿಂಕ್, ಮದ್ಯ ಇವೆಲ್ಲ ಭೇದಿ ಹೆಚ್ಚಿಸ್ತವೆ. ಒಂದೇ ಸಲ ತಟ್ಟೆ ತುಂಬ ಉಣ್ಣೋ ಬದಲು ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ತಿನ್ನಿ. ರಾತ್ರಿ ಊಟ ಬೇಗ ಮುಗಿಸಿದರೆ ನಿದ್ದೆ ಕೆಡೋದು ಕಡಿಮೆ. ರಂಜಾನ್ ಉಪವಾಸ ಇರುವ ಸಹೋದರರೇ, ಮೊದಲ ತಿಂಗಳುಗಳಲ್ಲಿ ಇಡೀ ದಿನ ನೀರಿಲ್ಲದೆ ಇರಬಹುದಾ ಅಂತ ಡಾಕ್ಟರನ್ನ ಕೇಳದೆ ಹಿಡಿಯಬೇಡಿ. ಕಾಯಿಲೆಯವರಿಗೆ ವಿನಾಯಿತಿ ಇದೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಅಂದರೆ ಅಕೌಂಟೆಂಟ್ ಬುದ್ಧಿ ಅಂತ ನಗ್ತೀರಿ. ಆದರೂ ಹೇಳ್ತೇನೆ. ಎಷ್ಟು ಗಂಟೆಗೆ ಹೋದದ್ದು, ನೀರಾಗಿತ್ತಾ ಮೆತ್ತಗಿತ್ತಾ, ಅದಕ್ಕೆ ಮುಂಚೆ ಏನು ತಿಂದದ್ದು, ಉರಿ ಎಷ್ಟು. ಎರಡು ವಾರ ಬರೆದರೆ ನಿಮಗೆ ಯಾವ ಊಟ ಆಗಲ್ಲ ಅಂತ ನೀವೇ ಕಂಡುಹಿಡೀತೀರಿ. ಡಾಕ್ಟರಿಗೂ ಐದು ನಿಮಿಷದಲ್ಲಿ ಎಲ್ಲ ಅರ್ಥ ಆಗುತ್ತೆ.

ಔಷಧಿಯಲ್ಲಿ ಜಾಗ್ರತೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನ ಆಪರೇಷನ್ ಆದವರಿಗೆ ಡಾಕ್ಟರೇ ಕೊಡೋದುಂಟು, ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ. ಆದರೆ ಎಷ್ಟು, ಯಾವಾಗಿನಿಂದ ಅಂತ ಅವರೇ ಹೇಳಬೇಕು. ಹೊಟ್ಟೆ ಉಬ್ಬಿದ್ದರೆ, ವಾಂತಿ ಇದ್ದರೆ, ಜ್ವರ ಅಥವಾ ರಕ್ತ ಇದ್ದರೆ ಅದನ್ನ ನುಂಗಲೇಬಾರದು. ಇಸಬ್‌ಗೋಲ್ ಕೂಡ ಮಲ ಗಟ್ಟಿ ಮಾಡೋಕೆ ಬಳಸ್ತಾರೆ, ಅದನ್ನೂ ಕೇಳಿಯೇ ತಗೊಳ್ಳಿ, ಎಷ್ಟು ನೀರಿನಲ್ಲಿ ಅಂತಲೂ ಕೇಳಿ. ಸಣ್ಣ ಕರುಳಿನ ಕೊನೆಯ ತುಂಡು ತೆಗೆದವರಿಗೆ ಪಿತ್ತರಸದಿಂದಲೇ ಭೇದಿ ಆಗೋದುಂಟು, ಅದಕ್ಕೆ ಬೇರೆಯೇ ಪುಡಿ ಇದೆ. ನಿಮ್ಮ ಆಪರೇಷನ್ ಯಾವ ಭಾಗದ್ದು ಅಂತ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುತ್ತೆ, ಅದರ ಫೋಟೋ ಫೋನಿನಲ್ಲಿ ಇರಲಿ. ಊರಿನಿಂದ ಬರುವವರ ಕೈಯಲ್ಲಿ ತುರಿಕೆಯ ಟ್ಯೂಬ್ ತರಿಸೋದು ನಮ್ಮಲ್ಲಿ ಬಹಳ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಸ್ಟೀರಾಯ್ಡ್ ಇರುತ್ತೆ. ಎರಡು ದಿನ ಸ್ವರ್ಗ, ಆಮೇಲೆ ಚರ್ಮ ತೆಳ್ಳಗಾಗಿ ಫಂಗಸ್ ಬೆಳೆಯುತ್ತೆ. ಕೋಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳನ್ನಂತೂ ಅನುಮತಿ ಇಲ್ಲದೆ ಈ ದೇಶಕ್ಕೆ ತರಿಸಲೇಬೇಡಿ, ಏರ್‌ಪೋರ್ಟಿನಿಂದ ಜೈಲಿಗೆ ಹೋಗುವ ಕೇಸು ಅದು.

ಫಂಗಸ್ ಅಂದೆನಲ್ಲ. ಕೆಂಪಾದ ಜಾಗದ ಅಂಚಿನಲ್ಲಿ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳು, ತೊಡೆಯ ಸಂದಿನವರೆಗೂ ತುರಿಕೆ, ಇದ್ದರೆ ಅದು ಫಂಗಸ್ ಇರಬಹುದು. ಝಿಂಕ್ ಕ್ರೀಮಿನಿಂದ ಹೋಗಲ್ಲ, ಬೇರೆ ಕ್ರೀಮ್ ಬೇಕು, ಡಾಕ್ಟರಿಗೆ ತೋರಿಸಿ. ರಕ್ತ, ಕೀವು, ಜ್ವರ, ಕೂರೋಕೇ ಆಗದ ನೋವು, ಮೂರ್ನಾಲ್ಕು ದಿನ ಇಷ್ಟೆಲ್ಲ ಮಾಡಿದರೂ ಹೆಚ್ಚುತ್ತಲೇ ಇರುವ ಉರಿ, ಇವಕ್ಕೆ ಕಾಯಬೇಡಿ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಅರ್ಧ ದಿನ ಮೂತ್ರವೇ ಆಗದಿರುವುದು, ಹೊಟ್ಟೆ ಉಬ್ಬಿ ವಾಂತಿ ಆಗುವುದು, ಇವು ಅದೇ ದಿನ ಆಸ್ಪತ್ರೆಗೆ ಹೋಗುವ ಲಕ್ಷಣ. ಯುಎಇಯಲ್ಲಿ ಆಂಬುಲೆನ್ಸ್ ನಂಬರ್ 998. ಡಾಕ್ಟರ ಮುಂದೆ ಮಾತು ಹೊರಡದಿದ್ದರೆ ಈ ವಾಕ್ಯ ಕಲಿತಿಡಿ, ಇಲ್ಲಿ ಹಿಂದಿ ಬರುವ ಡಾಕ್ಟರುಗಳು ಬಹಳ: "ಆಪರೇಷನ್ ಕೇ ಬಾದ್ ದಿನ್ ಮೇಂ ದಸ್ ಬಾರ್ ಟಾಯ್ಲೆಟ್ ಜಾತಾ ಹೂಂ, ನೀಚೇ ಕೀ ಚಮ್ಡೀ ಜಲ್ ಗಯೀ ಹೈ." ಹೆಣ್ಣುಮಕ್ಕಳು 'ಜಾತೀ ಹೂಂ' ಅನ್ನಬೇಕು ಅಷ್ಟೆ. ಲೇಡಿ ಡಾಕ್ಟರ್ ಬೇಕು ಅಂತ ಕೇಳೋದಕ್ಕೂ ಹಿಂಜರಿಯಬೇಡಿ.

ಕೊನೆಗೆ ನನ್ನ ಸ್ವಂತ ಇಲಾಖೆ, ದುಡ್ಡು. ರಜೆ ಹಾಕಿದರೆ ಸಂಬಳ ಹೋಗುತ್ತೆ ಅಂತ ಗಾಯ ಒಣಗೋ ಮುಂಚೆ ಡ್ಯೂಟಿಗೆ ಹೋಗಿಬಿಡ್ತಾರೆ. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಿ, ಪ್ರೊಬೇಷನ್ ಮುಗಿದ ಖಾಸಗಿ ಕಂಪನಿಯ ಕೆಲಸಗಾರನಿಗೆ ವರ್ಷಕ್ಕೆ 90 ದಿನದವರೆಗೆ ಸಿಕ್ ಲೀವ್ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ಆಮೇಲಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದ ರಜೆ. ತಿಂಗಳಿಗೆ 1500 ದಿರ್ಹಂ ಅಂತ ಇಟ್ಟುಕೊಳ್ಳಿ. 45 ದಿನ ಮಲಗಿದರೆ ಮೊದಲ ಭಾಗಕ್ಕೆ 750, ಎರಡನೆಯದಕ್ಕೆ 750, ಒಟ್ಟು 1500 ಕೈಗೆ ಬರುತ್ತೆ. ಕೆಲಸ ಮಾಡಿದ್ದರೆ 2250 ಬರ್ತಿತ್ತು. ಅಂದರೆ ನಷ್ಟ 750. ಬೇಗ ಹೋಗಿ ಮತ್ತೆ ಬಿದ್ದರೆ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಕಾಯಿಲೆಯಾದ ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಬೇಕು, ಮೆಡಿಕಲ್ ಸರ್ಟಿಫಿಕೇಟ್ ಕೊಡಬೇಕು. ವಾಟ್ಸಾಪಿನಲ್ಲಿ ಕಳಿಸಿದರೆ ಆ ಮೆಸೇಜ್ ಅಳಿಸಬೇಡಿ. ಮನೆಕೆಲಸದವರಿಗೆ ಬೇರೆ ಕಾನೂನು ಇದೆ, ಅವರು ಬೇರೆಯಾಗಿ ವಿಚಾರಿಸಿಕೊಳ್ಳಬೇಕು. ವಾಪಸ್ ಡ್ಯೂಟಿಗೆ ಹೋಗುವಾಗ ಡಾಕ್ಟರ ಹತ್ತಿರ ಒಂದು ಕಾಗದ ಬರೆಸಿಕೊಳ್ಳಿ: ಭಾರ ಎತ್ತಬಾರದು, ಟಾಯ್ಲೆಟ್ ಹತ್ತಿರ ಇರುವ ಕಡೆ ಕೆಲಸ ಕೊಡಬೇಕು ಅಂತ. ಅಷ್ಟು ಬರೆದರೆ ಸಾಕು, ಫೋರ್‌ಮನ್‌ಗೆ ಪೂರ್ತಿ ಕಥೆ ಹೇಳಬೇಕಾಗಿಲ್ಲ. ಅಡ್ಡಿ ಬಂದರೆ ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಉಚಿತವಾಗಿ ಫೋನ್ ಮಾಡಬಹುದು, ನಂಬರ್ 80046342.

ಪ್ರಶ್ನೆ ಇದ್ದವರು ಈಗ ಕೇಳಿ. ಎಲ್ಲರ ಎದುರು ಕೇಳೋಕೆ ಆಗಲ್ಲ ಅನ್ನೋರು ಹೆಸರು ಹಾಕದೆ ಚೀಟಿ ಬರೆದು ಬಾಗಿಲ ಹತ್ತಿರದ ಡಬ್ಬಿಯಲ್ಲಿ ಹಾಕಿ. ಟೀ ಆದಮೇಲೆ ಅರ್ಧ ಗಂಟೆ ನಾನು ಆ ಹಿಂದಿನ ಮೂಲೆಯಲ್ಲಿ ಕೂತಿರ್ತೇನೆ.